ಬಸುರಿಯ ಚರ್ಮ, ಮೆಡಿಕಲ್ ಶಾಪಿನ ಕ್ರೀಮು, ಸೀಮಂತದ ಮೆಹಂದಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಸುರಿನ ದಿನಗಳ ಚರ್ಮ, ಕೂದಲು ಮತ್ತು ಪಾರ್ಲರ್ ಕುರಿತಾಗಿದ್ದವು. ಚರ್ಮ ತಜ್ಞರು ಮತ್ತು ಹೆರಿಗೆ ತಜ್ಞರು ಸೇರಿ ಉತ್ತರಿಸಿದ್ದಾರೆ.

ನನಗೀಗ ಹನ್ನೊಂದನೇ ವಾರ. ಮುಖ ಬೆಳ್ಳಗಾಗುತ್ತದೆಂದು ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮನ್ನು ಎರಡು ವರ್ಷದಿಂದ ದಿನಾ ರಾತ್ರಿ ಹಚ್ಚುತ್ತಿದ್ದೆ. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿದೆ. ಮಗುವಿಗೆ ಊನ ಆಗಿರುತ್ತದೆ, ತೆಗೆಸುವುದೇ ಒಳ್ಳೆಯದು ಎಂದು ಬಂಧುಗಳು ಹೆದರಿಸುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ತೆಗೆಸುವ ಮಾತೇ ಬೇಡ. ಈ ಕ್ರೀಮನ್ನು ಮುಖಕ್ಕೆ ಹಚ್ಚಿಕೊಂಡಿದ್ದಕ್ಕಾಗಿ ಗರ್ಭ ತೆಗೆಸಬೇಕಾಗಿಲ್ಲ. ಆದರೆ ಇವತ್ತೇ ನಿಲ್ಲಿಸಬೇಕು. ಯಾಕೆಂದು ಒಂದೊಂದಾಗಿ ಹೇಳುತ್ತೇವೆ.

ನಿಮ್ಮ ಟ್ಯೂಬಿನಲ್ಲಿ ಮೂರು ಔಷಧಗಳಿವೆ. ಸಾಮಾನ್ಯವಾಗಿ ಸಿಗುವ ಪ್ರಮಾಣ ಹೈಡ್ರೋಕ್ವಿನೋನ್ ಶೇ 2, ಟ್ರೆಟಿನಾಯಿನ್ ಶೇ 0.025, ಮೊಮೆಟಾಸೋನ್ ಶೇ 0.1. ಟ್ರೆಟಿನಾಯಿನ್ ವಿಟಮಿನ್ ಎ ಕುಟುಂಬದ್ದು. ಇದೇ ಕುಟುಂಬದ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದರೆ ಮಗುವಿನ ಹೃದಯ, ಮಿದುಳು, ಕಿವಿಗಳಿಗೆ ಗಂಭೀರ ಊನ ಬರುವ ಅಪಾಯ ಹೆಚ್ಚು. ಹೆದರಿಕೆ ಹುಟ್ಟಿರುವುದು ಅಲ್ಲಿಂದ. ಚರ್ಮಕ್ಕೆ ಹಚ್ಚಿದಾಗ ರಕ್ತಕ್ಕೆ ಇಳಿಯುವುದು ಬಹಳ ಅಲ್ಪ. ಗೊತ್ತಿಲ್ಲದೆ ಮೊದಲ ವಾರಗಳಲ್ಲಿ ಹಚ್ಚಿಕೊಂಡ ತಾಯಂದಿರ ಮೇಲೆ ನಡೆದಿರುವ ಅಧ್ಯಯನಗಳಲ್ಲಿ ದೊಡ್ಡ ಊನಗಳು ಹೆಚ್ಚಾಗಿದ್ದು ಕಂಡುಬಂದಿಲ್ಲ. ಹಾಗಿದ್ದರೂ, ಅಪಾಯದ ಕುಟುಂಬಕ್ಕೆ ಸೇರಿದ ಔಷಧವನ್ನು ಬರೀ ಬಣ್ಣಕ್ಕಾಗಿ ಬಸುರಿನಲ್ಲಿ ಮುಂದುವರಿಸುವುದು ಸರಿಯಲ್ಲ. ಹೈಡ್ರೋಕ್ವಿನೋನ್ ಕಥೆ ಬೇರೆ: ಹಚ್ಚಿದ್ದರಲ್ಲಿ ಶೇ 35ರಿಂದ 45ರಷ್ಟು ಮೈಯೊಳಗೆ ಸೇರುತ್ತದೆ. ಹಚ್ಚುವ ಔಷಧಕ್ಕೆ ಇದು ತುಂಬಾ ಹೆಚ್ಚು. ಮೊಮೆಟಾಸೋನ್ ಬಲವಾದ ಸ್ಟೀರಾಯ್ಡ್. ಬಲವಾದ ಸ್ಟೀರಾಯ್ಡ್ ಕ್ರೀಮುಗಳನ್ನು ಇಡೀ ಬಸುರಿನಲ್ಲಿ ಒಟ್ಟು 300 ಗ್ರಾಂಗಿಂತ ಹೆಚ್ಚು ಬಳಸಿದವರಲ್ಲಿ ಮಗುವಿನ ತೂಕ ಕಡಿಮೆಯಾಗಿದ್ದು ಕಂಡಿದೆ. 15 ಗ್ರಾಂ ಟ್ಯೂಬಿನ ಲೆಕ್ಕದಲ್ಲಿ ಅದು 20 ಟ್ಯೂಬು. ನೀವು ಅಷ್ಟರ ಹತ್ತಿರಕ್ಕೂ ಹೋಗಿರಲಾರಿರಿ.

ಈಗ ನಿಮ್ಮನ್ನು ಕಾಡುವುದು ಬೇರೆಯೇ ತೊಂದರೆ. ಎರಡು ವರ್ಷ ಸ್ಟೀರಾಯ್ಡ್ ಕಂಡ ಮುಖ, ಅದು ನಿಂತ ಕೆಲವೇ ದಿನಗಳಲ್ಲಿ ಕೆಂಪಾಗಿ, ಉರಿದು, ಸಣ್ಣ ಗುಳ್ಳೆಗಳೇಳುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. "ಕ್ರೀಮು ಬಿಟ್ಟಿದ್ದಕ್ಕೇ ಹೀಗಾಯಿತು" ಎಂದು ಮತ್ತೆ ಅದೇ ಟ್ಯೂಬು ಹಿಡಿಯುತ್ತಾರೆ. ದಯವಿಟ್ಟು ಹಿಡಿಯಬೇಡಿ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆ ಮೂರು ಸಲ, ತಣ್ಣೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ 10 ನಿಮಿಷ, ಬಿಸಿಲಿಗೆ ಹೋಗುವಾಗ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್. ಸೋಪು, ಸ್ಕ್ರಬ್, ಫೇಸ್‌ಪ್ಯಾಕ್ ಯಾವುದೂ ಬೇಡ. ಉರಿ ತಡೆಯಲಾಗದಿದ್ದರೆ ಚರ್ಮ ವೈದ್ಯರು ಶೇ 1ರ ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯವಾದದ್ದನ್ನು ಕೆಲ ದಿನ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಮುಖ ತಹಬಂದಿಗೆ ಬರಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಬಣ್ಣ ಮೊದಲಿನದಕ್ಕೆ ಮರಳುತ್ತದೆ. ಅದು ನಿಮ್ಮದೇ ಬಣ್ಣ, ರೋಗವಲ್ಲ. ಹೆರಿಗೆ ವೈದ್ಯರಿಗೆ ಟ್ಯೂಬನ್ನೇ ತೋರಿಸಿ, 18ರಿಂದ 20ನೇ ವಾರದ ಸ್ಕ್ಯಾನ್ ಎಲ್ಲರಂತೆ ಮಾಡಿಸಿಕೊಳ್ಳಿ.

ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಯಾಗಿದೆ. ಆದರೂ ಕೌಂಟರಿನ ಮೇಲೆ "ಇದು ಚೆನ್ನಾಗಿ ಹೋಗುತ್ತೆ ಮೇಡಂ" ಎಂಬ ಒಂದು ಮಾತಿನಲ್ಲಿ ಮಾರಾಟವಾಗುತ್ತಿದೆ. ನಮಗೆ ಸಿಟ್ಟು ಬರುವುದು ಇದಕ್ಕೇ.

ಅಕ್ಕ ದುಬೈಯಿಂದ ತಂದ ಡಬ್ಬಿಯ ಕ್ರೀಮಿನಲ್ಲಿ ಏನಿದೆ ಎಂದೇ ಬರೆದಿಲ್ಲ. ನಾಲ್ಕು ತಿಂಗಳ ಬಸುರಿ ಹಚ್ಚಬಹುದೆ?
— ಓದುಗರೊಬ್ಬರು, ಭಟ್ಕಳ

ಬೇಡ. ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ಬಿಳುಪಿನ ಕ್ರೀಮಿನಲ್ಲಿ ಪಾದರಸ ಇರುವ ಸಂಭವವಿದೆ. ಪಟ್ಟಿ ಇದ್ದರೂ ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್ ಎಂಬ ಹೆಸರು ಕಂಡರೆ ಅದೂ ಪಾದರಸವೇ. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮದಲ್ಲಿ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಅರಿವಿಲ್ಲದೆ ಸೇರಿದರೂ ಹತ್ತು ಲಕ್ಷದಲ್ಲಿ 1 ಭಾಗ ಮೀರುವಂತಿಲ್ಲ. ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾದರಸ ಬೆರೆಸಿದ ಎಲ್ಲ ಸೌಂದರ್ಯ ಸಾಮಗ್ರಿಗಳನ್ನು 2025ರೊಳಗೆ ನಿಲ್ಲಿಸಲು ತೀರ್ಮಾನಿಸಿದವು. ಕೇರಳದ ಕೋಟಕ್ಕಲ್‌ನಲ್ಲಿ ಇಂಥ ಕ್ರೀಮು ಹಚ್ಚುತ್ತಿದ್ದವರಿಗೆ ಮೂತ್ರಪಿಂಡದ ಶೋಧಕ ಪೊರೆ ಹಾಳಾಗಿ, ಮೂತ್ರದಲ್ಲಿ ಪ್ರೋಟೀನ್ ಸೋರಿ, ಮೈ ಊದಿಕೊಂಡ ಪ್ರಕರಣಗಳು ಸಾಲುಸಾಲಾಗಿ ವರದಿಯಾಗಿವೆ.

ಬಸುರಿಯಲ್ಲಿ ಇದು ಮತ್ತಷ್ಟು ತೊಡಕು. ಕಾಲು ಊದುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಬಸುರಿನ ಬಿಪಿ ಕಾಯಿಲೆಯ ಲಕ್ಷಣವೂ ಹೌದು. ಕ್ರೀಮಿನ ವಿಷಯ ಹೇಳದಿದ್ದರೆ ವೈದ್ಯರ ಗಮನ ಆ ಕಡೆಗೇ ಹೋಗಿ, ಪಾದರಸ ಮರೆಯಲ್ಲೇ ಉಳಿಯುತ್ತದೆ. ಈಗಾಗಲೇ ಹಚ್ಚಿದ್ದರೆ ಮೂತ್ರದ ಪ್ರೋಟೀನ್ ಮತ್ತು ಪಾದರಸದ ಪರೀಕ್ಷೆ ಕೇಳಿ. ಡಬ್ಬಿಯನ್ನು ಒಲೆಗೆ ಹಾಕಬೇಡಿ, ಆವಿ ಉಸಿರಿಗೆ ಹೋಗುತ್ತದೆ. ಮುಚ್ಚಳ ಬಿಗಿಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ವೈದ್ಯರಿಗೆ ಒಯ್ಯಿರಿ. ದಿಂಬಿನ ಕವರು, ಟವೆಲ್ ಬದಲಿಸಿ. ಅದೇ ಟವೆಲಿನಿಂದ ಮನೆಯ ಮಕ್ಕಳಿಗೂ ಪಾದರಸ ತಗಲುತ್ತದೆ.

ಆರನೇ ತಿಂಗಳು. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಬಂಗು ಬಂದಿದೆ. ನಾನು ಶಾಲಾ ಶಿಕ್ಷಕಿ, ಬಿಸಿಲಿನಲ್ಲಿ ಪ್ರಾರ್ಥನೆಗೆ ನಿಲ್ಲಲೇಬೇಕು. ನಿಂಬೆರಸ, ಜೇನು ಹಚ್ಚಲು ಅತ್ತೆ ಹೇಳಿದ್ದಾರೆ.
— ಓದುಗರೊಬ್ಬರು, ಹಾವೇರಿ

ಜೇನಿನಿಂದ ಕೆಡುಕಿಲ್ಲ. ನಿಂಬೆರಸ ಮಾತ್ರ ಬೇಡವೆಂದು ಅತ್ತೆಯವರಿಗೆ ಹೇಳಿ: ನಿಂಬೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ, ಬಂಗಿಗಿಂತ ಕಪ್ಪಾದ ಕಲೆ ಉಳಿಯುತ್ತದೆ.

ಬಸುರಿನ ಹಾರ್ಮೋನುಗಳು ಬಣ್ಣ ತಯಾರಿಸುವ ಕೋಶಗಳನ್ನು ಕೆರಳಿಸುತ್ತವೆ, ಬೆಳಕು ಅವಕ್ಕೆ ಕೆಲಸ ಹಚ್ಚುತ್ತದೆ. ಹಾರ್ಮೋನು ನಮ್ಮ ಕೈಯಲ್ಲಿಲ್ಲ, ಬೆಳಕು ಇದೆ. ನಮ್ಮಂಥ ಗೋಧಿ, ಕಂದು ಮೈಬಣ್ಣದವರಿಗೆ ಬಂಗು ಹೆಚ್ಚಿಸುವುದು ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಬಿಳಿ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯದು. ಮುಖದ ಬಣ್ಣಕ್ಕೆ ಹೊಂದುವ, ಐರನ್ ಆಕ್ಸೈಡ್ ಬೆರೆಸಿದ 'ಟಿಂಟೆಡ್' ಸನ್‌ಸ್ಕ್ರೀನ್ ಕೊಳ್ಳಿ. ಜೊತೆಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್, ಎಸ್‌ಪಿಎಫ್ 30 ಅಥವಾ ಮೇಲೆ. ಮುಖ ಮತ್ತು ಕತ್ತಿಗೆ ಬೇಕಾದ ಅಳತೆ, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದ ಎರಡು ಗೆರೆ. ಹೆಚ್ಚಿನವರು ಹಚ್ಚುವುದು ಇದರ ಕಾಲುಭಾಗ, ಆಮೇಲೆ "ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ಮನೆ ಬಿಡುವ 15 ನಿಮಿಷ ಮುಂಚೆ ಒಮ್ಮೆ, ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ. ಮೈದಾನದಲ್ಲಿ ಕೊಡೆ ಹಿಡಿಯಲು ಸಂಕೋಚ ಬೇಡ.

ರಾತ್ರಿಗೆ ಅಜಿಲೇಯಿಕ್ ಆಸಿಡ್ ಶೇ 15 ಅಥವಾ 20ರ ಕ್ರೀಮು, ವೈದ್ಯರ ಚೀಟಿಯ ಮೇಲೆ. ಇದು ಗೋಧಿ, ಜವೆಯಲ್ಲಿ ಸಹಜವಾಗಿಯೇ ಇರುವ ಆಮ್ಲ; ಚರ್ಮದಿಂದ ಒಳಗೆ ಹೋಗುವುದು ಶೇ 4ರಷ್ಟೇ. ಮೊದಲ ಎರಡು ವಾರ ದಿನ ಬಿಟ್ಟು ದಿನ, ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ. ಒದ್ದೆ ಮುಖಕ್ಕೆ ಹಚ್ಚಿದರೆ ಚುರುಚುರು ಹೆಚ್ಚು. ಪರಿಣಾಮ ಕಾಣಲು 8ರಿಂದ 12 ವಾರ ಬೇಕು. ಬೆಳಗ್ಗೆ ಶೇ 5ರ ನಯಾಸಿನಮೈಡ್ ಅಥವಾ ವಿಟಮಿನ್ ಸಿ ಸೀರಮ್ ಸೇರಿಸಿಕೊಳ್ಳಬಹುದು.

ಬಂಗಿಗೆಂದು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಮೊದಲೇ ನಡೆಯುತ್ತಿದ್ದರೆ ನಿಲ್ಲಿಸಿ, ಹೆರಿಗೆ ವೈದ್ಯರಿಗೆ ತಿಳಿಸಿ. ಅದು ರಕ್ತ ಹೆಪ್ಪು ಕರಗದಂತೆ ತಡೆಯುವ ಔಷಧ. ಬಸುರಿನಲ್ಲಿ ರಕ್ತ ತಾನಾಗಿಯೇ ಹೆಪ್ಪುಗಟ್ಟುವ ಗುಣ ಹೆಚ್ಚು. ಹೆರಿಗೆಯಾದ ಮೇಲೆ ಕೆಲವು ತಿಂಗಳಲ್ಲಿ ಬಂಗು ಬಹುಪಾಲು ತಿಳಿಯಾಗುತ್ತದೆ. ಆಗ ಗರ್ಭನಿರೋಧಕ ಮಾತ್ರೆ ಕೇಳುವಾಗ ಬಂಗು ಇತ್ತೆಂದು ಹೇಳಿ, ಹಾರ್ಮೋನ್ ಮಾತ್ರೆಯಿಂದ ಮರಳಬಹುದು.

ಮೊಡವೆ ಮುಖ ತುಂಬಾ. ನನ್ನ ಬಳಿ ರೆಟಿನಾಲ್, ಸ್ಯಾಲಿಸಿಲಿಕ್, ಬೆಂಜಾಯಿಲ್ ಪೆರಾಕ್ಸೈಡ್ ಎಲ್ಲ ಇವೆ. ಯಾವುದು ಇಟ್ಟುಕೊಳ್ಳಲಿ, ಯಾವುದು ಎಸೆಯಲಿ?
— ಓದುಗರೊಬ್ಬರು, ಬೆಂಗಳೂರು

'ರೆಟಿ' ಎಂದು ಶುರುವಾಗುವುದೆಲ್ಲ ಬದಿಗಿಡಿ: ರೆಟಿನಾಲ್, ರೆಟಿನಾಲ್ಡಿಹೈಡ್, ರೆಟಿನೈಲ್ ಪಾಲ್ಮಿಟೇಟ್. ಆ ಅಕ್ಷರಗಳಿಂದ ಶುರುವಾಗದಿದ್ದರೂ ಅಡಾಪಲಿನ್, ಟ್ರೆಟಿನಾಯಿನ್, ಟಜಾರೊಟಿನ್ ಅದೇ ಬಳಗ. ಸ್ಯಾಲಿಸಿಲಿಕ್ ಶೇ 2ರ ಫೇಸ್‌ವಾಶ್ ಆದರೆ ಚಿಂತೆಯಿಲ್ಲ, ತೊಳೆದು ಹೋಗುತ್ತದೆ. ಶೇ 20, 30ರ ಸ್ಯಾಲಿಸಿಲಿಕ್ ಪೀಲ್ ಬೇಡ. ಅದು ಆಸ್ಪಿರಿನ್ ಬಳಗದ ಔಷಧ, ಅಷ್ಟು ಗಟ್ಟಿಯಾದದ್ದು ಅಗಲ ಜಾಗದಿಂದ ರಕ್ತಕ್ಕೆ ಇಳಿಯುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5 ಇಟ್ಟುಕೊಳ್ಳಿ. ಹಚ್ಚಿ ಐದು ನಿಮಿಷಕ್ಕೆ ತೊಳೆದರೂ ಸಾಕು, ಉರಿ ಕಡಿಮೆ. ದಿಂಬಿಗೆ ಬಿಳಿ ಕವರು ಹಾಕಿ, ಬಣ್ಣದ ಬಟ್ಟೆಯನ್ನು ಅದು ಬ್ಲೀಚ್ ಮಾಡುತ್ತದೆ. ಕೀವು ತುಂಬಿದ ಮೊಡವೆಗಳಿದ್ದರೆ ಶೇ 1ರ ಕ್ಲಿಂಡಾಮೈಸಿನ್ ಜೆಲ್ ಸೇರಿಸುತ್ತಾರೆ. ಅದೊಂದನ್ನೇ ಹಚ್ಚಬಾರದು, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತವೆ.

ಡಾಕ್ಸಿಸೈಕ್ಲಿನ್ ಗುಳಿಗೆ ಬೇಡ: ನಾಲ್ಕನೇ ತಿಂಗಳ ನಂತರ ಮಗುವಿನ ಹಲ್ಲು, ಮೂಳೆಗಳಲ್ಲಿ ಕೂತು ಹಲ್ಲಿಗೆ ಮಾಸದ ಕಂದುಹಳದಿ ಬಣ್ಣ ತರುತ್ತದೆ. ಪಿಸಿಒಡಿ ಮೊಡವೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಗಂಡು ಭ್ರೂಣದ ಲೈಂಗಿಕ ಬೆಳವಣಿಗೆಗೆ ಅಡ್ಡಿ ಮಾಡಬಲ್ಲದು. ಗುಳಿಗೆ ಬೇಕೇಬೇಕು ಎನ್ನುವಾಗ ವೈದ್ಯರು ಅಜಿತ್ರೊಮೈಸಿನ್‌ನಂಥದ್ದನ್ನು ಆರಿಸುತ್ತಾರೆ. ಇದನ್ನು ಓದುತ್ತಿರುವ ಯಾರಾದರೂ ಐಸೊಟ್ರೆಟಿನಾಯಿನ್ ನುಂಗುತ್ತಿರುವಾಗಲೇ ಮುಟ್ಟು ತಪ್ಪಿದ್ದರೆ, ಮಾತ್ರೆ ನಿಲ್ಲಿಸಿ ಅವತ್ತೇ ವೈದ್ಯರ ಬಳಿ ಹೋಗಿ. ಮಗುವಿಗೆ ಪ್ರಯತ್ನಿಸುವವರು ಕೊನೆಯ ಗುಳಿಗೆಯಿಂದ ಕನಿಷ್ಠ ಒಂದು ತಿಂಗಳು ಕಾಯಬೇಕು.

ಮುಂದಿನ ತಿಂಗಳು ಮಗಳ ಸೀಮಂತ. ಕೈಗೆ ಮೆಹಂದಿ ಹಾಕಿಸಬಹುದೆ? ತಲೆಗೂದಲಿಗೆ ಬಣ್ಣ ಹಚ್ಚಬಹುದೆ?
— ಓದುಗರೊಬ್ಬರು, ಮೈಸೂರು

ಹಾಕಿಸಿ, ಸಂತೋಷವಾಗಿ. ಗೋರಂಟಿ ಎಲೆ ಅರೆದು ಹಚ್ಚಿದರೆ ಅದಕ್ಕಿಂತ ನಿಶ್ಚಿಂತೆ ಇಲ್ಲ. ತೊಂದರೆ ಇರುವುದು "ಹತ್ತೇ ನಿಮಿಷಕ್ಕೆ ಕಪ್ಪು" ಎನ್ನುವ ಕೋನ್‌ಗಳಲ್ಲಿ. ನಿಜವಾದ ಗೋರಂಟಿ ನಾಲ್ಕಾರು ಗಂಟೆ ಕೈಮೇಲಿರಬೇಕು. ಉದುರಿಸಿದಾಗ ಕಿತ್ತಳೆ ಬಣ್ಣ, ಮರುದಿನಕ್ಕೋ ಅದರ ಮರುದಿನಕ್ಕೋ ಕೆಂಗಂದು. ಕೂಡಲೇ ಕಪ್ಪಾದರೆ ಅದರಲ್ಲಿ ಕೂದಲ ಡೈಯ ಪ್ಯಾರಾ ಫಿನೈಲಿನ್ ಡೈಅಮೈನ್, ಅಂದರೆ ಪಿಪಿಡಿ, ಬೆರೆಸಿರುವ ಅನುಮಾನ ಬಲವಾಗಿ ಬರಬೇಕು. ಕೆಲ ದಿನ ಬಿಟ್ಟು ಚಿತ್ತಾರದ ಗೆರೆಯುದ್ದಕ್ಕೂ ನೀರ್ಗುಳ್ಳೆ ಏಳುತ್ತವೆ. ಒಮ್ಮೆ ಅಲರ್ಜಿ ಅಂಟಿತೆಂದರೆ ಜೀವನವಿಡೀ ಕೂದಲಿಗೆ ಡೈ ಹಚ್ಚುವಂತಿಲ್ಲ.

ಮನೆಯಲ್ಲೇ ಕಲಸಿ: ಸೋಸಿದ ಗೋರಂಟಿ ಪುಡಿ 100 ಗ್ರಾಂ, ಎರಡು ಚಮಚ ಸಕ್ಕರೆ, ದೋಸೆಹಿಟ್ಟಿಗಿಂತ ಗಟ್ಟಿಯಾಗುವಷ್ಟು ನಿಂಬೆರಸ ಅಥವಾ ಚಹಾದ ಡಿಕಾಕ್ಷನ್, ಮುಚ್ಚಿ ರಾತ್ರಿಯಿಡೀ ಬಿಟ್ಟು ಕೋನಿಗೆ ತುಂಬಿ. ಏಳನೇ ತಿಂಗಳಲ್ಲಿ ನಾಲ್ಕು ಗಂಟೆ ಒಂದೇ ಸಮ ಕೂರಿಸಬೇಡಿ. ಮೊದಲೇ ಮೂತ್ರಕ್ಕೆ ಹೋಗಿಬರಲಿ, ಒಂದು ಕೈ ಇವತ್ತು, ಇನ್ನೊಂದು ನಾಳೆ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇದೆ ಎಂದು ಗೊತ್ತಿರುವವರಿಗೆ ಮಾತ್ರ ಗೋರಂಟಿ ಬೇಡ, ರಕ್ತಕಣ ಒಡೆಯಬಹುದು. ಅದೇ ಕಾರಣಕ್ಕೆ ಹುಟ್ಟಿದ ಕೂಸಿನ ಅಂಗೈ, ಅಂಗಾಲಿಗೆ ಗೋರಂಟಿ ಹಚ್ಚಲೇಬೇಡಿ.

ಕೂದಲ ಬಣ್ಣ ನೆತ್ತಿಯಿಂದ ಒಳಗಿಳಿಯುವುದು ಅಲ್ಪ. ಮೂರು ತಿಂಗಳು ಕಳೆದ ಮೇಲೆ ಹಚ್ಚಬಹುದು. ಕಿವಿಯ ಹಿಂದೆ ಒಂದು ಹನಿ ಹಚ್ಚಿ 48 ಗಂಟೆ ನೋಡಿ. ಹಿಂದೆ ಅದೇ ಡೈ ಒಗ್ಗಿತ್ತೆಂದು ಈ ಪರೀಕ್ಷೆ ಬಿಡಬೇಡಿ. ಕಿಟಕಿ ತೆರೆದ ಕೋಣೆ, ಕೈಗವಸು, ಪೊಟ್ಟಣದಲ್ಲಿ ಬರೆದಷ್ಟೇ ಹೊತ್ತು. 'ಅಮೋನಿಯಾ ಇಲ್ಲ', 'ಹರ್ಬಲ್' ಎಂದು ಬರೆದ ಕಪ್ಪು ಪುಡಿಯಲ್ಲೂ ಪಿಪಿಡಿ ಇರುತ್ತದೆ. ಪೊಟ್ಟಣ ತಿರುಗಿಸಿ ಓದಿ.

ಪಾರ್ಲರ್ ನಡೆಸುತ್ತೇನೆ. ಬಸುರಿಯರು ಬಂದಾಗ ಏನು ಮಾಡಬೇಕು, ಯಾವುದಕ್ಕೆ ಇಲ್ಲ ಅನ್ನಬೇಕು?
— ಓದುಗರೊಬ್ಬರು, ಶಿವಮೊಗ್ಗ

ಕೇಳಿದ್ದಕ್ಕೆ ಧನ್ಯವಾದ. ಮೊದಲ 'ಇಲ್ಲ' ಕೆರಾಟಿನ್, ಸ್ಮೂದನಿಂಗ್‌ಗೆ. ಅದರ ದ್ರಾವಣದಲ್ಲಿ ಫಾರ್ಮಾಲಿನ್ ಅಥವಾ ಮಿಥಿಲೀನ್ ಗ್ಲೈಕಾಲ್ ಇದ್ದರೆ, ಕಾದ ಐರನ್ ಎಳೆದಾಗ ಫಾರ್ಮಾಲ್ಡಿಹೈಡ್ ಹೊಗೆಯೇಳುತ್ತದೆ. ಕಣ್ಣುರಿ, ಗಂಟಲ ಕೆರೆತ ಅದರದೇ ಗುರುತು. 'ಫಾರ್ಮಾಲ್ಡಿಹೈಡ್ ಇಲ್ಲ' ಎನ್ನುವ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಅದರಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ದಿನವಿಡೀ ಆ ಹೊಗೆಯಲ್ಲಿ ನಿಲ್ಲುವ ನಿಮ್ಮ ಹುಡುಗಿಯರಲ್ಲಿ ಯಾರಾದರೂ ಬಸುರಿಯಾದರೆ ಅವರನ್ನೂ ಆ ಕೆಲಸದಿಂದ ಬಿಡಿಸಿ.

ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿ. ಬಸುರಿನಲ್ಲಿ ಚರ್ಮಕ್ಕೆ ರಕ್ತದ ಹರಿವು ಹೆಚ್ಚು, ನೋವೂ ಕೆಂಪೂ ಹೆಚ್ಚು. ವ್ಯಾಕ್ಸ್ ಬಿಸಿ ಕಡಿಮೆಯಿರಲಿ, ಉಬ್ಬಿದ ರಕ್ತನಾಳದ ಮೇಲೆ ಬೇಡ. ಫೇಶಿಯಲ್‌ಗೆ 20 ವಾರ ದಾಟಿದವರನ್ನು ಅಂಗಾತ ಮಲಗಿಸಬೇಡಿ. ಗರ್ಭಕೋಶದ ಭಾರ ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳವನ್ನು ಒತ್ತಿ, ತಲೆ ಸುತ್ತಿ ಬೆವರುತ್ತಾರೆ. ಬಲ ಸೊಂಟದಡಿ ದಿಂಬಿಟ್ಟು ಎಡಕ್ಕೆ ವಾಲಿಸಿ, ತಲೆಭಾಗ ಎತ್ತರಿಸಿ. ಕರೆಂಟಿನ ಗ್ಯಾಲ್ವನಿಕ್ ಯಂತ್ರ, ಮುಖದ ಬ್ಲೀಚ್ ಬಿಡಿ. ಸ್ಟೀಮ್ ರೂಮು, ಸೌನಾ ಬೇಡ. ಮೊದಲ ತಿಂಗಳುಗಳಲ್ಲಿ ಮೈಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟುವುದು ಮಗುವಿನ ನರಮಂಡಲಕ್ಕೆ ಒಳ್ಳೆಯದಲ್ಲ. ಲೇಸರ್, ಬೊಟಾಕ್ಸ್, ಫಿಲ್ಲರ್, ಮೈಕ್ರೋನೀಡ್ಲಿಂಗ್, ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಹೆರಿಗೆಯ ನಂತರದ ಮಾತು, ಅದೂ ಪಾರ್ಲರಿನಲ್ಲಿ ಅಲ್ಲ. ಹೊಸದಾಗಿ ಬಂದ ಮುಖದ ಕೂದಲು ಹೆರಿಗೆಯಾದ ಆರು ತಿಂಗಳೊಳಗೆ ಬಹಳ ಮಂದಿಗೆ ತಾನಾಗಿ ಉದುರುತ್ತದೆ. ಲೇಸರಿಗೆ ಆತುರಪಡುವುದು ದುಡ್ಡಿಗೂ ದಂಡ.

ಎಂಟನೇ ತಿಂಗಳು. ರಾತ್ರಿ ಅಂಗೈ, ಅಂಗಾಲು ತುರಿಸಿ ನಿದ್ದೆಯಿಲ್ಲ. ಗುಳ್ಳೆ ಒಂದೂ ಇಲ್ಲ. ಪಿತ್ತ ಆಗಿದೆ ಎಂದು ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾರೆ.
— ಓದುಗರೊಬ್ಬರು, ಕುಂದಾಪುರ

ಈ ಪತ್ರಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಉತ್ತರ ಕಳಿಸಿದ್ದೇವೆ. ಇಂಥದೇ ತುರಿಕೆ ಇರುವ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಗುಳ್ಳೆಯಿಲ್ಲದೆ, ರಾತ್ರಿ ಹೆಚ್ಚುವ, ಅಂಗೈ ಅಂಗಾಲಿನ ತುರಿಕೆಗೆ ಕಾರಣ ಬಸುರಿನಲ್ಲಿ ಬರುವ ಯಕೃತ್ತಿನ (ಲಿವರ್) ತೊಂದರೆಯಿರಬಹುದು. ಪಿತ್ತರಸ ಸರಿಯಾಗಿ ಹರಿಯದೆ ಅದರ ಆಮ್ಲಗಳು ರಕ್ತದಲ್ಲಿ ಏರುತ್ತವೆ. ಮೂತ್ರ ಗಾಢವಾಗುವುದು, ಮಲ ಬಿಳಿಚುವುದು ಜೊತೆಗಿರಬಹುದು, ಇಲ್ಲದೆಯೂ ಇರಬಹುದು. ನಾಳೆಯೇ ಆಸ್ಪತ್ರೆಗೆ ಹೋಗಿ ಸೀರಮ್ ಬೈಲ್ ಆಸಿಡ್ ಮತ್ತು ಲಿವರ್ ಪರೀಕ್ಷೆ ಕೇಳಿ. ಬೈಲ್ ಆಸಿಡ್ ಲೀಟರಿಗೆ 100 ಮೈಕ್ರೋಮೋಲ್ ಮುಟ್ಟಿದರೆ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಅಪಾಯ ಏರುತ್ತದೆ. ಆಗ 36ನೇ ವಾರದ ಹೊತ್ತಿಗೆ ಹೆರಿಗೆ ಮಾಡಿಸುವ ಯೋಚನೆ ನಡೆಯುತ್ತದೆ. ಮೊದಲ ಪರೀಕ್ಷೆ ಸರಿಯಿದ್ದೂ ತುರಿಕೆ ನಿಲ್ಲದಿದ್ದರೆ ಒಂದೆರಡು ವಾರಕ್ಕೆ ಮತ್ತೆ ಮಾಡಿಸಿ, ಏಕೆಂದರೆ ಕೆಲವರಲ್ಲಿ ತುರಿಕೆ ಮುಂದೆ, ರಕ್ತದ ಏರಿಕೆ ಹಿಂದೆ ಬರುತ್ತದೆ. ಅಜ್ಜಿಯ ಎಣ್ಣೆಯಿಂದ ಕೆಡುಕಿಲ್ಲ. ಕೆಡುಕಾಗುವುದು ಪರೀಕ್ಷೆ ತಡವಾದರೆ.

ಹೊಟ್ಟೆಯ ಬಿರುಕುಗಳ ಮೇಲೆ ಶುರುವಾಗಿ ಹೊಕ್ಕುಳನ್ನು ಬಿಟ್ಟು ಹರಡುವ ಕೆಂಪು ದದ್ದು ಬೇರೆ, ಮಗುವಿಗೆ ಅಪಾಯವಿಲ್ಲ. ಕ್ಯಾಲಮೈನ್, ಸೌಮ್ಯ ಸ್ಟೀರಾಯ್ಡ್, ಸೆಟಿರಿಜಿನ್‌ಗೆ ಬಗ್ಗುತ್ತದೆ. ಹೊಕ್ಕುಳಿನಿಂದಲೇ ಶುರುವಾಗಿ ನೀರ್ಗುಳ್ಳೆಯಾದರೆ ಅದು ಮತ್ತೊಂದು ಕಾಯಿಲೆ, ಚರ್ಮ ವೈದ್ಯರು ನೋಡಲೇಬೇಕು.

ಹೊಟ್ಟೆಯ ಬಿರುಕು ಬರದಂತೆ ಯಾವ ಎಣ್ಣೆ?
— ಓದುಗರೊಬ್ಬರು, ಕಲಬುರಗಿ

ಯಾವುದೂ ತಡೆಯದು. ಕೋಕೋ ಬಟರ್, ಆಲಿವ್ ಎಣ್ಣೆ ಎರಡನ್ನೂ ಪರೀಕ್ಷಿಸಿ ನೋಡಿದ್ದಾರೆ, ಫಲ ಕಂಡಿಲ್ಲ. ಅಮ್ಮನಿಗೆ ಬಂದಿದ್ದರೆ ಮಗಳಿಗೆ ಬರುವ ಸಂಭವ ಹೆಚ್ಚು. ಒಣ ತುರಿಕೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಸಾಕು. ದುಬಾರಿ ಕ್ರೀಮಿನ ದುಡ್ಡನ್ನು ಹಣ್ಣಿಗೆ ಹಾಕಿ.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಯೆ? ಕಣ್ಣಿಗೆ ಸುರಮಾ ಹಚ್ಚಬಹುದೆ?
— ಓದುಗರೊಬ್ಬರು, ವಿಜಯಪುರ

ಮಗುವಿನ ಬಣ್ಣ ತಂದೆತಾಯಿಯ ವಂಶವಾಹಿಯದು, ಕೇಸರಿಯದಲ್ಲ. ರುಚಿಗೆ ನಾಲ್ಕು ಎಸಳು ಹಾಕಿ ಕುಡಿಯಿರಿ. ಸುರಮಾ ಬೇಡ, ಹಲವು ಸುರಮಾ ಕಲ್ಲುಗಳು ಸೀಸದ ಅದಿರೇ. ಸೀಸ ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ಮಿದುಳಿಗೆ ಹೋಗುತ್ತದೆ. ಕಿತ್ತಳೆಗೆಂಪು ಸಿಂಧೂರದಲ್ಲೂ ಸೀಸದ ಆಕ್ಸೈಡ್ ಇರಬಹುದು. ಬೈತಲೆಗೆ ಅರಿಶಿನ, ಸುಣ್ಣದಿಂದ ಮಾಡಿದ ಕುಂಕುಮವೇ ಆಗಲಿ.

ಉಗುರಿಗೆ ಬಣ್ಣ?
— ಓದುಗರೊಬ್ಬರು, ತುಮಕೂರು

ಗಾಳಿಯಾಡುವ ಕಡೆ ಕೂತು ಹಚ್ಚಿಕೊಳ್ಳಿ. ಒಂಬತ್ತನೇ ತಿಂಗಳು ಬಿದ್ದ ಮೇಲೆ ತೆಗೆದುಬಿಡಿ, ಜೆಲ್ ಪಾಲಿಶ್ ಆದರೆ ಪಾರ್ಲರಿನಲ್ಲೇ ತೆಗೆಸಿಕೊಳ್ಳಿ. ಹೆರಿಗೆ ಕೋಣೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ ಉಗುರಿನ ಮೂಲಕ ಬೆಳಕು ಹಾಯಿಸಿ ಓದುತ್ತದೆ; ಗಾಢ ಬಣ್ಣವಿದ್ದರೆ ತಪ್ಪು ಅಂಕಿ ತೋರಿಸಬಹುದು.